ಹದಿನೇಳನೇ ನಂಬರಿನ ಚೀಟಿ

ಕತ್ತರಿಸುವ ಯಂತ್ರ ನಿಂತಿತು, ಕಿವಿಯೊಳಗೆ ಮಾತ್ರ ಇನ್ನೂ ಓಡುತ್ತಿದೆ, ಊಟದ ಹೊತ್ತು, ಎಲ್ಲರೂ ಡಬ್ಬಿ ಹಿಡಿದು ತೇಗದ ಮರದ ಕೆಳಗೆ ಹೋದರು, ಶೇಂಗಾ ಚಟ್ನಿಯ ವಾಸನೆ ಇಲ್ಲಿಯವರೆಗೂ ಬರುತ್ತಿದೆ, ನನಗೆ ಹಸಿವಿಲ್ಲ, ಎದುರಿಗೆ ಒಂದು ಬಿಳಿ ಹಾಳೆ — ಇಪ್ಪತ್ತಾರು ವರ್ಷ ಹಾಳೆ ಆರಿಸಿದ ನಿರ್ಮಲಾಗೆ ಒಂದು ಹಾಳೆ ತುಂಬಿಸಲಾಗುತ್ತಿಲ್ಲ, ನಗು ಬರಬೇಕು, ಬರುತ್ತಿಲ್ಲ. ದಾಂಡೇಲಿಯ ದೊಡ್ಡ ಮಿಲ್ಲಿಗೆ ಸೇರಿದ್ದಲ್ಲ ಇದು, ಊರಂಚಿನ ಸಣ್ಣ ಶೆಡ್ಡು, ಕಾಗದ ತಂದು ಕತ್ತರಿಸಿ, ಕಲೆಯಾದದ್ದು ಹರಿದದ್ದು ಆರಿಸಿ ತೆಗೆದು ಕಟ್ಟು ಕಟ್ಟಿ ಕಳಿಸುತ್ತೇವೆ ಅಷ್ಟೆ, ಆದರೂ ನಮ್ಮದೊಂದು ಪದ್ಧತಿ ಇದೆ, ಲಚ್ಚಪ್ಪ ನಿವೃತ್ತಿಯಾದಾಗ ಹಾಕಿಕೊಟ್ಟು ಹೋದದ್ದು: ಬಿಟ್ಟು ಹೋಗುವವರು ಜೊತೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು ಉಪಕಾರ ಬರೆಯಬೇಕು, ಮೊದಲ ಸಾಲು ಕೆಲಸ ಕಲಿಸಿದವರಿಗೆ, ಕಚೇರಿಯ ಶೈಲಶ್ರೀ ಅದನ್ನು ಎಲ್ಲರೆದುರು ಓದುತ್ತಾಳೆ, ಆಮೇಲೆ ಗೋಡೆಗೆ ಅಂಟಿಸುತ್ತಾರೆ. ಇವತ್ತು ನನ್ನ ಕೊನೆಯ ದಿನ, ಮೂರು ಗಂಟೆಗೆ ಓದುತ್ತಾಳಂತೆ. ಎರಡನೇ ಸಾಲಿನಿಂದ ಹನ್ನೆರಡನೇ ಸಾಲಿನವರೆಗೆ ಬರೆದಾಯಿತು, ಮಾಲವ್ವಗೆ, ನನ್ನ ಮಂಡಿನೋವಿನ ದಿನಗಳಲ್ಲಿ ಕಟ್ಟು ಎತ್ತಿಕೊಟ್ಟದ್ದಕ್ಕೆ, ಮೌನೇಶನಿಗೆ, ಯಂತ್ರಕ್ಕಿಂತ ಜಾಸ್ತಿ ಸದ್ದು ಮಾಡಿ ನಗಿಸಿದ್ದಕ್ಕೆ, ಎಲ್ಲ ಚೆನ್ನಾಗಿದೆ, ಎಲ್ಲ ನಿಜ, ಮೊದಲ ಸಾಲೊಂದು ಖಾಲಿ.

ಅಕ್ಕಾರ, ಇನ್ನೂ ಬರ್ದಿಲ್ಲೇನ್ರಿ ಎಂದು ಮಾಲವ್ವ ಬಾಗಿಲಲ್ಲಿ ಇಣುಕಿ ಕೇಳಿದಳು, ಆಯ್ತು ಅಂದೆ, ಆಮೇಲೆ ಅವಳು ಹೋಗುತ್ತ ಹೋಗುತ್ತ, ಗುರುಬಸವ್ವಾರ್ನೂ ಕರದೀನ್ರಿ, ತೇರಗಾಂವದಿಂದ ಹೊಂಟಾರಂತ, ಹಳಿಯಾಳದಾಗ ಬಸ್ ಸಿಕ್ಕರ ಮೂರರೊಳಗ ಬರ್ತಾರ. ಒಳ್ಳೆಯದು ಮಾಡಿದೆ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ನನ್ನ ಬೆರಳು ಮುಟ್ಟಿ ನೋಡಿಕೊಂಡೆ. ಆರಿಸುವ ಬೆರಳು ಇದು, ಹಾಳೆಯ ಮೂಲೆ ಎತ್ತಿ ಎತ್ತಿ ಚರ್ಮ ಸವೆಯುತ್ತದೆ, ಅದಕ್ಕೇ ಸೈಕಲ್ ಟ್ಯೂಬು ಕತ್ತರಿಸಿ ಬೆರಳಿಗೆ ಹಾಕಿಕೊಳ್ಳುತ್ತೇವೆ, ಅದನ್ನು ಅಳತೆ ನೋಡಿ ಕತ್ತರಿಸುವುದು ಕಲಿಸಿದ್ದೂ ಗುರುಬಸವ್ವನೇ, ನಾನು ಕಲಘಟಗಿಯಿಂದ ಮದುವೆಯಾಗಿ ಬಂದ ಹೊಸದು, ಹಾಳೆ ಹಿಡಿದರೆ ಹರಿಯುತ್ತಿದ್ದೆ, ಅವಳು ಬೈಲಹೊಂಗಲದ ಕಡೆಯವಳು, ಬೈಯುವುದರಲ್ಲೂ ಹಾಗೇ, ಹಾಳಿ ಹೊಳ್ಳಸವ್ವಾ, ರೊಟ್ಟಿ ಬಡಿಬ್ಯಾಡ ಅನ್ನುತ್ತಿದ್ದಳು, ಬೈದು ಮುಗಿಸಿ ತನ್ನ ಡಬ್ಬಿಯ ರೊಟ್ಟಿಯನ್ನೇ ನನಗೆ ಮುರಿದು ಕೊಡುತ್ತಿದ್ದಳು. ಅವಳಿಗೊಂದು ಸಾಲು ಸಾಕಾಗುತ್ತದೆಯೇ. ಬರೆದೆ — ಗುರುಬಸವ್ವಗೆ, ಕೆಲಸ ಕಲಿಸಿದ್ದಕ್ಕೆ — ಹೊಡೆದು ಹಾಕಿದೆ. ಅದು ಸುಳ್ಳಲ್ಲ. ಅದಕ್ಕೇ ಇನ್ನೂ ಕೆಟ್ಟದ್ದು.

ಹನ್ನೊಂದು ವರ್ಷದ ಹಿಂದಿನ ಮಾತು. ಕಾಯಂ ಆಗುವವರ ಪಟ್ಟಿ ಬರುವುದಿತ್ತು, ನನ್ನ ಹೆಸರೂ ಇದೆ, ಗುರುಬಸವ್ವನ ಹೆಸರೂ ಇದೆ ಎಂದು ಸುದ್ದಿ, ಆ ದಿನ ನೋಟಿಸು ಹಲಗೆಯ ಹತ್ತಿರ ಮೂರು ಸಲ ಓಡಿ ನೋಡಿ ಬಂದೆ, ಕೆಲಸ ಹಿಂದೆ ಬಿತ್ತು, ಕೊನೆಯ ರಾಶಿಯನ್ನು ಬಿಚ್ಚಿ ನೋಡದೆ ಹಾಗೆಯೇ ಕಟ್ಟಿಬಿಟ್ಟೆ. ಪ್ರತಿ ಕಟ್ಟಿನೊಳಗೆ ಆರಿಸಿದವರ ನಂಬರಿನ ಚೀಟಿ ಇಡಬೇಕು, ನನ್ನದು ಇಪ್ಪತ್ತೆರಡು, ನನ್ನ ಚೀಟಿ ತೀರಿದ್ದವು, ಪಕ್ಕದ ಗುರುಬಸವ್ವನ ಚೀಟಿ ಡಬ್ಬಿಯಿಂದ ಒಂದು ಹದಿನೇಳು ತೆಗೆದು ತುರುಕಿದೆ, ಎಲ್ಲರೂ ಮಾಡುತ್ತಿದ್ದೆವು, ಉಪ್ಪು ಕಡ ತಂದ ಹಾಗೆ, ಯಾರೂ ಕೇಳುತ್ತಿರಲಿಲ್ಲ. ಆ ಕಟ್ಟು ಯಾವುದೋ ಶಾಲೆಯ ಪರೀಕ್ಷೆಗೆ ಹೋಯಿತು, ಒಳಗೆಲ್ಲ ಯಂತ್ರದ ಎಣ್ಣೆಯ ಕಲೆ, ಹದಿನೈದು ದಿನಕ್ಕೆ ವಾಪಸು ಬಂತು, ಮ್ಯಾನೇಜರ್ ಜ್ಯೋತಿಬಾ ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಚೀಟಿ ಎತ್ತಿ ಹಿಡಿದರು, ಇದು ಯಾರದು ಎಂದು ಕೇಳಿದರು. ಗುರುಬಸವ್ವ ಚೀಟಿ ನೋಡಿದಳು, ಕಟ್ಟು ನೋಡಿದಳು, ಕಟ್ಟಿದ ದಾರದ ಗಂಟು ನೋಡಿದಳು — ನನ್ನ ಗಂಟು, ಎಡಕ್ಕೆ ಎಳೆದ ಗಂಟು, ತಾನೇ ತಿದ್ದಿ ತಿದ್ದಿ ಸೋತು ಬಿಟ್ಟ ಗಂಟು — ಆಮೇಲೆ ಅಂದಳು, ಚೀಟಿ ನಂದ ಐತ್ರಿ ಸಾಹೇಬ್ರ. ಕಟ್ಟು ನಂದು ಅನ್ನಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ, ಬಾಯಿ ತೆರೆದರೆ ಸಾಕಿತ್ತು, ಒಂದೇ ಮಾತು, ತೆರೆಯಲಿಲ್ಲ. ಸಾಹೇಬರು ಅವಳಿಗೆ ನಾಳೆಯಿಂದ ಬರುವುದು ಬೇಡ ಅಂದರು. ಅವಳು ತನ್ನ ಜಾಗಕ್ಕೆ ಬಂದು ಡಬ್ಬಿ ಚೀಲಕ್ಕೆ ಹಾಕಿಕೊಂಡಳು, ಬೆರಳಿನ ರಬ್ಬರು ಎಳೆದಳು, ಅದು ಸುಲಭಕ್ಕೆ ಬರಲಿಲ್ಲ, ತಿರುಗಿಸಿ ತಿರುಗಿಸಿ ತೆಗೆದಳು, ಕೆಳಗೆ ಬೆರಳು ಬಿಳಿಚಿಕೊಂಡು ಸುಕ್ಕಾಗಿತ್ತು, ನೀರಲ್ಲಿ ನೆನೆದದ್ದರ ಹಾಗೆ, ಆ ಬೆರಳಿನಿಂದಲೇ ರಬ್ಬರನ್ನು ನನ್ನ ಮೇಜಿನ ಮೇಲೆ ಸರಿಸಿ, ನಿಂದು ಹರದೈತಿ, ಇದನ್ನ ಹಾಕ್ಕೊ ಅಂದಳು.

ಹಾಕಿಕೊಂಡೆ, ಮೂರು ವರ್ಷ ಹಾಕಿಕೊಂಡೆ. ಅವಳು ತೇರಗಾಂವಕ್ಕೆ ತಂಗಿಯ ಮನೆಗೆ ಹೋದಳು, ಕಬ್ಬು ಕಡಿಯಲು ಹೋಗುತ್ತಾಳೆಂದು ಕೇಳಿದೆ, ನಾನು ಕಾಯಂ ಆದೆ, ಪೇಢೆ ಹಂಚಿದೆ, ಒಂದು ಸಲ ಹಳಿಯಾಳದ ಸಂತೆಯಲ್ಲಿ ಅವಳ ಬೆನ್ನು ಕಂಡಿತು, ಮೆಣಸಿನಕಾಯಿ ಚೀಲಗಳ ಹಿಂದೆ ನಿಂತು ಅವಳು ಹೋಗುವವರೆಗೆ ಕಾದೆ, ಚೀಲಗಳ ಸಂದಿಯಿಂದ ಬೆರಳು ಮಾತ್ರ ಕಂಡಿತು, ಕೈಚೀಲ ಹಿಡಿದ ಬೆರಳು. ಈಗ ಅವಳು ಬಂದು ಇದೇ ಶೆಡ್ಡಿನಲ್ಲಿ ಕುರ್ಚಿಯ ಮೇಲೆ ಕೂರುತ್ತಾಳೆ, ಶೈಲಶ್ರೀ ಓದುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಕೆಲಸ ಕಲಿಸಿದ್ದಕ್ಕೆ ಅಂತ, ಅವಳು ಕೂಡ ತಟ್ಟುತ್ತಾಳೆ, ಅದನ್ನು ನೋಡಲು ನನ್ನಿಂದಾಗದು. ಹಾಗಾದರೆ ಬರೆ. ಬರೆದರೆ ಮಾಲವ್ವ ನನ್ನ ಮುಖ ಹೇಗೆ ನೋಡುತ್ತಾಳೆ, ಮೌನೇಶ ನಗಿಸುತ್ತಾನೆಯೇ, ಇಪ್ಪತ್ತಾರು ವರ್ಷದ ಒಳ್ಳೆಯ ಹೆಸರು ಕೊನೆಯ ದಿನ ನೀರಲ್ಲಿ ಹೋಮವಾಗುತ್ತದೆ, ಆಗಲಿ, ಅದೇನು ನನ್ನದಾಗಿತ್ತೇ. ನಾಚಿಕೆಯಾಗುತ್ತಿದೆ, ಇಷ್ಟು ವರ್ಷ ಆಗದ್ದು ಬಸ್ಸು ಬರುವ ಹೊತ್ತಿಗೆ ಆಗುತ್ತಿದೆ. ಕಸಿದುಕೊಂಡದ್ದಕ್ಕೆ ಉಪಕಾರ ಬರೆಯುವುದು ಹೇಗೆ, ಕೊಟ್ಟದ್ದಕ್ಕಾದರೆ ಬರೆಯಬಹುದು, ಅವಳು ಕೊಟ್ಟಳೇ, ನಾನು ಕಸಿದೆನೇ, ಗಂಟು ನೋಡಿಯೂ ಸುಮ್ಮನಿದ್ದಳಲ್ಲ, ಯಾಕೆ, ಇನ್ನು ಯಾವತ್ತು ಕೇಳಲಿ.

ಹೊರಗೆ ಬಸ್ಸಿನ ಹಾರ್ನು, ಮಾಲವ್ವ ಗೇಟಿನ ಕಡೆ ಓಡಿದ ಸಪ್ಪಳ, ಪೆನ್ನು ಹಿಡಿದೆ, ಮೊದಲ ಸಾಲು, ಬರೆದೆ — ಗುರುಬಸವ್ವಾ, ಎಣ್ಣೆ ಕಲೆಯ ಆ ಕಟ್ಟು ನನ್ನದು, ನಿನ್ನ ಚೀಟಿ ಇಟ್ಟವಳು ನಾನು, ನಿನ್ನ ಕೆಲಸ ಹೋದದ್ದು ನನ್ನಿಂದ — ಬರೆದಾಯಿತು, ಮಸಿ ಒದ್ದೆ ಇದೆ, ಮುಂದೆ ಉಪಕಾರ ಅನ್ನಬೇಕು, ಪದ್ಧತಿ, ಬರ್ರಿ ಬರ್ರಿ ಒಳಗ ಬರ್ರಿ ಅನ್ನುತ್ತಿದ್ದಾಳೆ ಮಾಲವ್ವ, ಚಪ್ಪಲಿ ಬಿಟ್ಟ ಸದ್ದು, ತಲೆ ಎತ್ತಲಾರೆ, ನಿಮ್ಮಿ, ಹೆಂಗದೀ ಎಂದು ಗುರುಬಸವ್ವನ ದನಿ ಕೇಳಿತು, ನನ್ನ ಹಾಳೆಯ ಅಂಚಿನ ಮೇಲೆ ಒಂದು ಕೈ ಬಂದು ಕೂತಿತು, ಕಬ್ಬಿನ ಗರಿ ಗೀರಿದ ಕೈ, ಕಪ್ಪಾದ ಕೈ, ನಾನು ಹುಡುಕುವುದು ಅದರ ಒಂದೇ ಬೆರಳು, ರಬ್ಬರು ತೆಗೆದ ಬೆರಳು, ಬಿಳಿಚಿದ ಬೆರಳು, ಆ ಬೆರಳು,