ಗೇಟಿನ ತನಕ

ಅಪ್ಪನ ನೀಲಿ ಕೋಟಿನ ಕೊನೆಯ ಗುಂಡಿ ಹಾಕಿ ಮಗಳು ಎದ್ದು ನಿಂತಳು. ಹೊರುವ ನಾಲ್ವರು ಬಾಗಿಲಲ್ಲಿ ಕಾದಿದ್ದರು.

"ನಾನು ಗೇಟಿನ ತನಕ ಬರ್ತೀನಿ ಅತ್ತೆ. ಅಲ್ಲಿಂದಾಚೆಗೆ ನೀವೇ ಕರ್ಕೊಂಡು ಹೋಗಿ."

ಮಸಣವಿದ್ದದ್ದು ರೈಲ್ವೆ ಗೇಟು ದಾಟಿ, ಹಳಿಯ ಆಚೆಗೆ. ಅತ್ತೆ ಅಣ್ಣನ ಮುಖವನ್ನೊಮ್ಮೆ ನೋಡಿದಳು. "ಒಂಬತ್ತು ವರ್ಷ ಆಯ್ತಲ್ಲೇ. ಸತ್ತವನ ಮೇಲೆ ಎಂಥ ಹಟ?"

ಮಗಳು ಪಕ್ಕಕ್ಕೆ ಸರಿದು ಹೊರುವವರಿಗೆ ದಾರಿ ಬಿಟ್ಟಳು.

ಅಪ್ಪ ಮೂವತ್ತೊಂದು ವರ್ಷ ಆ ಗೇಟು ಕಾದವನು. ಸ್ಟೇಷನ್ನಿನಿಂದ ಫೋನಿನಲ್ಲಿ ಬಂದ ಮಾತನ್ನು ಅಕ್ಷರ ಬಿಡದೆ, ಗಡಿಯಾರ ನೋಡಿ ಹೊತ್ತನ್ನೂ ಸೇರಿಸಿ, ತಿರುಗಿ ಒಪ್ಪಿಸಿ, ಆಮೇಲೆ ಹಿಡಿಕೆ ತಿರುಗಿಸಿ ಗೇಟು ಇಳಿಸಬೇಕು. ಕೇಳಿಸಿಕೊಂಡದ್ದು ಸರಿಯೋ ತಪ್ಪೋ ತಿಳಿಯಲು ಅದೊಂದೇ ದಾರಿ. ಆ ಅಭ್ಯಾಸ ಮನೆಗೂ ಬಂತು. ಉಪ್ಪು ತನ್ನಿ ಎಂದರೆ "ಉಪ್ಪು, ಒಂದು ಪೊಟ್ಟಣ, ಸರಿ" ಎಂದು ಹೊರಡುವನು. ಹೇಳಿದ್ದೇ ಹೇಳೋ ಕಿಸಬಾಯಿ ದಾಸನಿಗೆ ನನ್ನನ್ನು ಕೊಟ್ಟರಲ್ಲ ಎಂದು ಹೆಂಡತಿ ನಗುತ್ತಿದ್ದಳು.

*

ದೇವರು ಆ ಹೆಂಡತಿಯ ಆಯುಸ್ಸನ್ನು ಅಷ್ಟಕ್ಕೇ ಅಳೆದಿದ್ದ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಗಳು ಸ್ಟೇಷನ್ನಿಗೆ ಫೋನು ಮಾಡಿದಳು. ಸ್ಟೇಷನ್ ಮಾಸ್ತರರು ಗೇಟಿಗೆ ಜೋಡಿಸಿಕೊಟ್ಟರು.

"ಅಪ್ಪಾ, ಅಮ್ಮ ಹೋದ್ಳು."

ಆ ಕಡೆಯಿಂದ ಎಂದಿನ ದನಿಯೇ ಬಂತು. "ಅಮ್ಮ ಹೋದ್ಳು. ಮೂರು ನಲವತ್ತು. ಸರಿ."

ಫೋನು ಕೆಳಗಿಟ್ಟ ಸದ್ದು. ಅವನು ಆಸ್ಪತ್ರೆಗೆ ಬಂದದ್ದು ಬದಲಿಯವನು ಬಂದ ಮೇಲೆ, ಏಳು ಗಂಟೆಗೆ. ಅಂದಿನಿಂದ ಮಗಳು ಅವನಿಗೆ ಉಣ್ಣಲು ಬಡಿಸಿದಳು, ಬಟ್ಟೆ ಒಗೆದಳು, ಮಾತಾಡಲಿಲ್ಲ.

*

ಗೇಟು ಹಾಕಿತ್ತು. ಈಗಿನ ಗೇಟಿನವನು ಪಕ್ಕದ ಕಾವಲು ಗೂಡಿನಿಂದ ಬಂದು ಕೈಮುಗಿದ. ಗಾಡಿ ಹೊರಟಾಗಿದೆ, ಎತ್ತುವ ಹಾಗಿಲ್ಲ ಎಂದ. ಹೊತ್ತವರಲ್ಲೊಬ್ಬ ಗೊಣಗಿದ.

"ಎತ್ತಿದ್ರೆ ಇವನೇ ಎದ್ದು ಬಯ್ಯೋನು," ಎಂದರು ಮಾಸ್ತರರು. ಅವರೂ ಈಗ ನಿವೃತ್ತರು.

ಹೆಣವನ್ನು ಮರದ ನೆರಳಿಗೆ ಇಳಿಸಿದರು. ಮಾಸ್ತರರು ಕೋಲೂರುತ್ತ ಮಗಳ ಪಕ್ಕಕ್ಕೆ ಬಂದರು. ಹೇಳದೆ ಉಳಿಸಿಕೊಂಡ ಮಾತೊಂದಿದೆ, ಮೊದಲೇ ಹೇಳಿದ್ದರೆ ಅವನ ಕೆಲಸ ಹೋಗುತ್ತಿತ್ತು, ತನ್ನ ಕೆಲಸವೂ ಹೋಗುತ್ತಿತ್ತು. ಆಮೇಲೆ ಹೇಳಲು ನಾಚಿಕೆಯಾಯಿತು ಎಂದರು.

"ಅವತ್ತು ನೀನು ಫೋನಿಟ್ಟ ಮೇಲೆ, ಗಾಡಿ ಬಿಡ್ತೀನಿ, ಗೇಟು ಹಾಕು ಅಂದೆ. 'ಅಮ್ಮ ಹೋದ್ಳು' ಅಂದ. ಮತ್ತೆ ಹೇಳಿದೆ. ಮತ್ತೂ 'ಅಮ್ಮ ಹೋದ್ಳು' ಅಂದ. ಐದು ಸಲ, ಮಗಳೇ. ಆರನೇ ಸಲಕ್ಕೆ 'ಗೇಟು ಹಾಕ್ತೀನಿ' ಅಂದ. ಗಾಡಿ ಹನ್ನೊಂದು ನಿಮಿಷ ನಿಂತಿತ್ತು. ಹಳಿ ಮೇಲೆ ದನ ಅಡ್ಡ ಬಂತು ಅಂತ ಬರೆದೆ. ದೇವರು ಕ್ಷಮಿಸಲಿ."

ಗಾಡಿ ಬಂತು, ಹೋಯಿತು. ಧೂಳು ಇಳಿಯಿತು. ಗೇಟಿನವನು ಹಿಡಿಕೆ ತಿರುಗಿಸತೊಡಗಿದ. ಕೆಂಪು ಬಿಳಿ ಪಟ್ಟೆಯ ಕಂಬ ಮೆಲ್ಲಗೆ ಮೇಲೆದ್ದಿತು. ಹೊರುವವರು ಬಗ್ಗಿದರು. ಮಗಳು ನಿಂತಲ್ಲೇ ನಿಂತು ಗೂಡಿನ ಗಡಿಯಾರ ನೋಡಿದಳು.

"ಅಪ್ಪ ಹೋದ," ಎಂದಳು. "ಹನ್ನೊಂದು ಹತ್ತು."

ಮಾಸ್ತರರು ನೆಟ್ಟಗೆ ನಿಂತರು. "ಅಪ್ಪ ಹೋದ. ಹನ್ನೊಂದು ಹತ್ತು. ಸರಿ."

ಅವಳು ಮುಂದಿನವನನ್ನು ಸರಿಸಿ ತಾನು ಹೆಗಲು ಕೊಟ್ಟಳು. ದಾಟುವಾಗ ಕಾಲ ಕೆಳಗೆ ಹಳಿ ಇನ್ನೂ ಸಣ್ಣಗೆ ಅದುರುತ್ತಿತ್ತು.