ಪೈಲ್ವಾನ ರೈಫಲ್ ಹಿಡಿದದ್ದು

ಹೊನ್ನೇಶನ ಮೊಣಕಾಲು ಹೋದದ್ದು ಶಿರಹಟ್ಟಿಯ ಕುಸ್ತಿ ಕಣದಲ್ಲಿ. ಎದುರಾಳಿ ಇನ್ನೂ ಕೈ ಕೊಟ್ಟಿರಲಿಲ್ಲ, ಅಷ್ಟರಲ್ಲೇ ಇವನು ನುಗ್ಗಿದ. ಕಾಲು ಮಣ್ಣಿನಲ್ಲಿ ಸಿಕ್ಕಿಕೊಂಡಿತು, ಮೈ ತಿರುಗಿತು, ಒಳಗೆ ಏನೋ ಹರಿದದ್ದು ಅವನಿಗೇ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿದ ಡಾಕ್ಟರು, ಹೊಲದ ಕೆಲಸ ಮಾಡಬಹುದು, ಬೈಕ್ ಓಡಿಸಬಹುದು, ಕುಸ್ತಿ ಮಾತ್ರ ಮುಗಿಯಿತು ಎಂದರು.

ಅವನ ಊರು ಹಮ್ಮಿಗಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರ ಬಾಯಲ್ಲೂ ಅವನು ಪೈಲ್ವಾನ. ಕಾಲು ಹೋದ ಮೇಲೂ ಜನ ರೂಢಿಯಂತೆ ಹಾಗೇ ಕರೆದರು. ಆ ಮಾತು ಕಿವಿಗೆ ಬೀಳಬಾರದೆಂದು ಅವನು ಗರಡಿ ಮನೆಯ ಓಣಿ ಬಿಟ್ಟು, ಹೊಳೆಯ ಕಡೆಯಿಂದ ಸುತ್ತಿಕೊಂಡು ಹೊಲಕ್ಕೆ ಹೋಗತೊಡಗಿದ. ಅವ್ವ ಅಮೃತವ್ವ ರೊಟ್ಟಿ ನೀಡಿ ಎದುರಿಗೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದ. ಅಪ್ಪ ಕುಬೇರಪ್ಪ ಮಗನ ಮುಂದೆ ಕುಸ್ತಿಯ ಮಾತನ್ನೇ ಎತ್ತುತ್ತಿರಲಿಲ್ಲ.

ಅಕ್ಕ ಮಂಜುಳಾ ಗದಗದಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ತರಬೇತಿಯಲ್ಲಿ ಮೊದಲ ಸಲ ರೈಫಲ್ ಹಿಡಿದವಳು ಅದರ ರುಚಿ ಬಿಟ್ಟಿರಲಿಲ್ಲ. ರಜೆ ಸಿಕ್ಕ ಭಾನುವಾರಗಳಲ್ಲಿ ಕಪ್ಪತಗುಡ್ಡದ ಬುಡದ ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದಳು. ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯೊಂದನ್ನು ಸಮತಟ್ಟು ಮಾಡಿ ಕಟ್ಟಿದ ಜಾಗ ಅದು. ಈ ತುದಿಯಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಸಾಲಾಗಿ ಚಾಪೆಗಳು. ಮುನ್ನೂರು ಮೀಟರ್ ಆಚೆ, ಕಲ್ಲಿನ ಗೋಡೆಯಂಥ ದಿಬ್ಬದ ಮುಂದೆ ಗುರಿಹಲಗೆಗಳು. ಕ್ಲಬ್ ನೋಡಿಕೊಳ್ಳುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಸುಬೇದಾರ ಬುಡ್ಡೇಸಾಬ. ಹಿಂದಿನ ವರ್ಷದ ಪಂದ್ಯದಲ್ಲಿ ಗಂಡಸರನ್ನೂ ಹಿಂದೆ ಹಾಕಿ ಮಂಜುಳಾ ಮೊದಲನೆಯವಳಾಗಿದ್ದಳು. ಆದರೆ ಅದೇ ವಾರ ಹೊನ್ನೇಶ ಬೆಳ್ಳಿ ಗದೆ ಗೆದ್ದು ತಂದಿದ್ದ. ಊರು ಗದೆಯ ಮೆರವಣಿಗೆ ಮಾಡಿತು. ಮಗಳ ಪದಕವನ್ನು ಅವ್ವ ಟ್ರಂಕಿನಲ್ಲಿ ಇಟ್ಟಳು.

ಅಕ್ಟೋಬರಿನಲ್ಲಿ ಮಂಜುಳಾ ರಜೆಯ ಮೇಲೆ ಊರಿಗೆ ಬಂದಳು. ಕಟ್ಟೆಯ ಮೇಲೆ ಸುಮ್ಮನೆ ಕೂತ ತಮ್ಮನನ್ನು ನೋಡಿ, ಪಕ್ಕದಲ್ಲಿ ಕೂತು ಹೇಳಿದಳು, "ನಾಳಿಗೆ ನನ್ನ ಕೂಡ ಬಾ. ರೈಫಲ್ ಹಿಡಿಯೂದು ಕಲಿಸ್ತೀನಿ."

"ಅದೇನ್ ಆಟ ಅಕ್ಕಾ, ಮಕ್ಕೊಂಡು ಆಡೂದು? ಕುಸ್ತ್ಯಾಗ ನೆಲಕ್ಕ ಬಿದ್ದಾಂವ ಸೋತಾಂವ."

"ಕುಸ್ತ್ಯಾಗ ಬೆನ್ನು ನೆಲಕ್ಕ ಹತ್ತಿದ್ರ ಸೋತಂಗ. ಇಲ್ಲಿ ಹೊಟ್ಟಿ ಮ್ಯಾಲ ಮಕ್ಕೋತೀವಿ. ಮೊಣಕಾಲಿನ ಕೆಲಸನ ಇಲ್ಲ ನೋಡು."

ಹೊನ್ನೇಶ ಬಹಳ ದಿನಗಳ ಮೇಲೆ ಸ್ವಲ್ಪ ನಕ್ಕ. ಮರುದಿನ ಅವಳ ಬೈಕಿನ ಹಿಂದೆ ಕೂತ.

ಬುಡ್ಡೇಸಾಬ ಅವನ ಭುಜದ ಅಗಲ ನೋಡಿ, "ಕುಸ್ತಿ ಮೈ ಐತಿ. ರೈಫಲ್ ಒದ್ದರೂ ಅಲುಗಾಡಂಗಿಲ್ಲ" ಎಂದರು. ಆಮೇಲೆ ದನಿ ಬದಲಿಸಿ ನಿಯಮಗಳನ್ನು ಹೇಳಿದರು: ನಳಿಕೆ ಯಾವಾಗಲೂ ಗುರಿಯ ಕಡೆಗೇ ಇರಬೇಕು, ತಾನು ಹೇಳುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಮಂಜುಳಾ ತಮ್ಮನನ್ನು ಚಾಪೆಯ ಮೇಲೆ ಮಲಗಿಸಿ, ಎಡ ಮೊಣಕೈಯನ್ನು ರೈಫಲ್ ಕೆಳಗೆ ಊರಿಸಿ, ತೋಳಿಗೆ ಪಟ್ಟಿ ಬಿಗಿದಳು. ರೈಫಲ್ಲಿನ ಹಿಂತುದಿಯನ್ನು ಭುಜದ ಗುಳಿಗೆ ಒತ್ತಿ ಕೂರಿಸಿದಳು.

"ಉಸುರು ಅರ್ಧ ಬಿಡು. ಅಲ್ಲೇ ನಿಲ್ಲಸು. ಆಮ್ಯಾಲ ಮೆತ್ತಗ ಒತ್ತು."

ಅವನು ಒತ್ತಿದ. ಗುಡ್ಡ ಗುಡುಗಿತು. ಗುರಿಹಲಗೆಯ ಒಂದು ಮಾರು ಕೆಳಗೆ ಮಣ್ಣು ಹಾರಿತು. ಮತ್ತೆ ಹಾರಿಸಿದ, ಅದೂ ಮಣ್ಣಿಗೆ. ಮೂರನೆಯದು ಎಲ್ಲಿ ಹೋಯಿತೆಂದು ದುರ್ಬೀನಿನಲ್ಲೂ ಕಾಣಲಿಲ್ಲ.

"ಈ ರೈಫಲ್ಲ ಸರಿ ಇಲ್ಲ" ಎಂದ ಹೊನ್ನೇಶ.

ಮಂಜುಳಾ ಅದೇ ರೈಫಲ್ಲಿನಿಂದ ಮಲಗಿ ಒಂದು ಗುಂಡು ಹಾರಿಸಿದಳು. ಗುರಿಯ ಕೆಳಗಿನ ಕಂದಕದಲ್ಲಿ ಕೂತವರು ಹಲಗೆ ಇಳಿಸಿ, ತೂತಿಗೆ ಗುರುತು ಹಚ್ಚಿ, ಮತ್ತೆ ಏರಿಸಿದರು. ಗುರುತು ಕಪ್ಪು ವೃತ್ತದ ನಟ್ಟನಡುವೆ ಇತ್ತು.

ಆಗ ಅವಳು ಒಂದು ಉಪಾಯ ಮಾಡಿದಳು. "ಈಗ ಗುಂಡು ನಾ ತುಂಬತೀನಿ, ನೀ ನೋಡಬ್ಯಾಡ" ಎಂದು, ಅವನಿಗೆ ಗೊತ್ತಾಗದಂತೆ ಖಾಲಿ ತೋಟೆ ಹಾಕಿ ಕೊಟ್ಟಳು. ಅವನು ಗುರಿ ಹಿಡಿದು ಒತ್ತಿದ. ಟಕ್ ಎಂದಿತು ಅಷ್ಟೇ, ಗುಂಡಿನ ಸದ್ದಿಲ್ಲ, ಹೊಗೆಯಿಲ್ಲ. ಆದರೆ ರೈಫಲ್ಲಿನ ಮೂತಿ ಗಕ್ಕನೆ ಕೆಳಗೆ ಬಾಗಿತು. ಅವನ ಕಣ್ಣು ಮುಚ್ಚಿತ್ತು, ಭುಜ ಮುಂದಕ್ಕೆ ಸೆಟೆದಿತ್ತು. ರೈಫಲ್ ಒದೆಯುವ ಮೊದಲೇ ಮೈ ಒದೆತಕ್ಕೆ ಅಂಜಿ ಅದನ್ನು ನೆಲಕ್ಕೆ ನೂಕುತ್ತಿತ್ತು.

ಹೊನ್ನೇಶ ರೈಫಲ್ ಕೆಳಗಿಟ್ಟ. ತನಗಿಂತ ಒಂದೂವರೆ ಪಟ್ಟು ತೂಕದವರ ಮೇಲೆ ಕಣ್ಣು ಮಿಟುಕಿಸದೆ ಏರಿಹೋದವನು ಅವನು.

"ಅಂಜೀನಿ ಅಕ್ಕಾ" ಎಂದ, ಅಚ್ಚರಿಯಿಂದ.

"ಎಲ್ಲಾರೂ ಅಂಜತಾರ. ನಾ ಒಂದು ತಿಂಗಳ ಅಂಜೀನಿ. ಅದು ತಪ್ಪಲ್ಲ. ಗೊತ್ತಾತಲ್ಲ, ಈಗ ಹೋಗತೈತಿ."

ಮರಳಿ ಬರುವಾಗ ಡಂಬಳದ ಹತ್ತಿರ ಚಹಾಕ್ಕೆ ನಿಂತರು. ಹೊನ್ನೇಶ ಎರಡು ತಟ್ಟೆ ಮಿರ್ಚಿ ಭಜಿ ತಿಂದ. ಮುಂದಿನ ಭಾನುವಾರ ಅಕ್ಕ ಕೇಳುವ ಮೊದಲೇ ಫೋನ್ ಮಾಡಿ, "ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದ.

ಚಳಿಗಾಲವಿಡೀ ಕಲಿತ. ಮೊದಲು ಸಣ್ಣ ರೈಫಲ್ಲಿನಿಂದ ಹತ್ತಿರದ ಗುರಿ, ಆಮೇಲೆ ದೊಡ್ಡದು. ಅಂಜಿಕೆ ಹೋಯಿತು. ಉಸಿರು ಅವನಿಗೆ ಕಷ್ಟವಾಗಲಿಲ್ಲ, ಗರಡಿಯಲ್ಲಿ ಅದನ್ನು ಪಳಗಿಸಿದ್ದ. ಕಷ್ಟವಾದದ್ದು ಗಾಳಿ. ಗುಡ್ಡದ ನೆತ್ತಿಯ ಮೇಲೆ ಗಾಳಿಯಿಂದ ವಿದ್ಯುತ್ ತೆಗೆಯುವ ದೊಡ್ಡ ಫ್ಯಾನುಗಳು ತಿರುಗುವ ಆ ಬಯಲಿನಲ್ಲಿ ಗಾಳಿ ಸುಮ್ಮನಿರುವುದೇ ಅಪರೂಪ. ಜೋರಾಗಿ ಅಡ್ಡ ಬೀಸಿದರೆ ಗುಂಡು ಗುರಿ ಸೇರುವಷ್ಟರಲ್ಲಿ ಒಂದು ಗೇಣು ಪಕ್ಕಕ್ಕೆ ಸರಿದಿರುತ್ತದೆ. ದಾರಿಯುದ್ದಕ್ಕೂ ನೆಟ್ಟ ಸಣ್ಣ ಬಾವುಟಗಳನ್ನು ನೋಡಿ ಲೆಕ್ಕ ಹಾಕಬೇಕು, ಇಲ್ಲವೇ ಕಾಯಬೇಕು. ಹೊನ್ನೇಶನಿಗೆ ಕಾಯುವುದು ಬರುತ್ತಿರಲಿಲ್ಲ. ಗುರಿ ಕಂಡ ಕೂಡಲೇ ಒತ್ತಿಬಿಡುತ್ತಿದ್ದ. ಮಂಜುಳಾ ಬೈದು ಬೈದು ಸೋತಳು. ಬುಡ್ಡೇಸಾಬ ಮಾತ್ರ ಅಂದರು, "ಬೈಬ್ಯಾಡ ತಂಗಿ. ಅಂವಗ ಇನ್ನೂ ಕಾಯೂ ಹೊತ್ತು ಬಂದಿಲ್ಲ."

ಫೆಬ್ರವರಿಯಲ್ಲಿ ಕ್ಲಬ್ಬಿನ ವಾರ್ಷಿಕ ಪಂದ್ಯ. ಗಂಡಸರು ಹೆಂಗಸರೆಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಪಟ್ಟಿ. ಮಂಜುಳಾ ಬೆಳಗಿನ ತಂಡದಲ್ಲಿ ಹಾರಿಸಿದಳು. ಗಾಳಿ ಇನ್ನೂ ಎದ್ದಿರಲಿಲ್ಲ. ಅವಳ ಕೈ ಚೆನ್ನಾಗಿ ಓಡಿತು, ಅಂಕದ ಹಲಗೆಯ ಮೇಲೆ ಅವಳ ಹೆಸರು ಎಲ್ಲರಿಗಿಂತ ಮೇಲೆ ಬಂತು. ಊಟದ ನಂತರ ಎರಡನೆಯ ತಂಡ ಮಲಗಿತು. ಅದರಲ್ಲಿ ಹೊನ್ನೇಶನಿದ್ದ. ಅಷ್ಟರಲ್ಲಿ ಗಾಳಿ ಎದ್ದಿತ್ತು.

ಶುರುವಿನಲ್ಲಿ ಅದು ಒಂದೇ ಕಡೆ ಬೀಸುತ್ತಿತ್ತು. ಹೊನ್ನೇಶ ಲೆಕ್ಕ ಹಿಡಿದು ಹಾರಿಸುತ್ತ ಹೋದ. ಅಕ್ಕ ಹಿಂದೆ ಕೂತು ದುರ್ಬೀನಿನಿಂದ ನೋಡುತ್ತಿದ್ದಳು. ಒಂದೊಂದು ಗುರುತೂ ಕಪ್ಪಿನೊಳಗೇ ಏಳುತ್ತಿತ್ತು. ಕೊನೆಯ ಐದು ಗುಂಡು ಉಳಿದಾಗ ಗಾಳಿ ಹುಚ್ಚೆದ್ದಿತು. ಹತ್ತಿರದ ಬಾವುಟ ಎಡಕ್ಕೆ, ದೂರದ್ದು ಬಲಕ್ಕೆ, ನಡುವಿನದು ಕಂಬಕ್ಕೇ ಸುತ್ತಿಕೊಂಡಿತು. ಅಕ್ಕಪಕ್ಕದವರು ಸಮಯ ಮೀರುವುದೆಂದು ಹಾರಿಸಿದರು. ಅವರ ಗುರುತುಗಳು ಹಲಗೆಯ ಅಂಚಿಗೆ ಎದ್ದವು.

ಹೊನ್ನೇಶ ಹಾರಿಸಲಿಲ್ಲ. ರೈಫಲ್ಲಿನಿಂದ ಕೆನ್ನೆ ತೆಗೆದು, ಬೆರಳು ಆಚೆ ಇಟ್ಟು, ಮಲಗಿಕೊಂಡೇ ಬಾವುಟಗಳನ್ನು ನೋಡುತ್ತ ಉಳಿದ.

"ಐದು ಮಿನಿಟ್ ಉಳದೈತಿ" ಎಂದು ಬುಡ್ಡೇಸಾಬ ಕೂಗಿದರು.

ಅವನು ಅಲುಗಲಿಲ್ಲ. ಹಿಂದೆ ಕೂತ ಜನ, ಪೈಲ್ವಾನ ಕೈಬಿಟ್ಟನೆಂದು ಪಿಸುಗುಟ್ಟಿದರು. ಮಂಜುಳಾ ಮನಸ್ಸಿನಲ್ಲೇ ಅಂಕ ಕೂಡಿ ನೋಡಿದಳು. ಐದೂ ನಡುವೆ ಬಿದ್ದರೆ ತಮ್ಮ ತನ್ನನ್ನು ದಾಟುತ್ತಾನೆ, ಒಂದು ಗುಂಡು ಕಪ್ಪಿನಾಚೆ ಹೋದರೂ ಪದಕ ತನ್ನದೇ. ಒಂದು ಕ್ಷಣ ಅವಳ ಎದೆಯಲ್ಲಿ ಚುಚ್ಚಿದಂತಾಯಿತು. ಈ ಒಂದು ಆಟ ಮನೆಯಲ್ಲಿ ತನ್ನದೊಬ್ಬಳದೇ ಆಗಿತ್ತು. ಆಮೇಲೆ ಚಾಪೆಯ ಮೇಲೆ ಕಲ್ಲಿನಂತೆ ಬಿದ್ದಿದ್ದ ಆ ಅಗಲ ಬೆನ್ನನ್ನು ನೋಡಿದಳು. ಅವಳ ತುಟಿ ತಾನಾಗಿಯೇ ಅಲುಗಿತು. "ಕಾಯಿ. ಇನ್ನೊಂದೀಟು ಕಾಯಿ."

ಗಾಳಿ ಸುಸ್ತಾಯಿತು. ದೂರದ ಬಾವುಟ ಮೊದಲು ಜೋತುಬಿತ್ತು, ನಂತರ ನಡುವಿನದು, ನಂತರ ಹತ್ತಿರದ್ದು. ಹೊನ್ನೇಶನ ಕೆನ್ನೆ ರೈಫಲ್ಲಿಗೆ ಅಂಟಿತು. ಒಂದು ಗುಂಡು ಹಾರಿತು. ಹಲಗೆ ಇಳಿದು ಏರಿತು, ಗುರುತು ನಡುವೆ. ಮತ್ತೊಂದು, ನಡುವೆ. ಅವಸರವಿಲ್ಲದೆ, ನಿಲ್ಲಿಸದೆ ಐದನ್ನೂ ಮುಗಿಸಿದ. ಕೊನೆಯ ಗುರುತು ಏಳುವಷ್ಟರಲ್ಲಿ ಬಾವುಟಗಳು ಮತ್ತೆ ಬಡಿದುಕೊಳ್ಳತೊಡಗಿದ್ದವು.

ಬುಡ್ಡೇಸಾಬ ಎರಡು ಸಲ ಅಂಕ ಕೂಡಿದರು. "ಹೊನ್ನೇಶ ಕುಬೇರಪ್ಪ ಹಮ್ಮಿಗಿ ಮೊದಲನೇದವ. ಮಂಜುಳಾ ಕುಬೇರಪ್ಪ ಹಮ್ಮಿಗಿ ಎರಡನೇದಾಕಿ. ಒಂದ ಅಂಕ ಫರಕ್" ಎಂದರು. ಚಪ್ಪರದ ತುಂಬ ಚಪ್ಪಾಳೆ ಬಿತ್ತು. ಹೊನ್ನೇಶ ಎದ್ದು, ಕುಂಟುತ್ತ ಬಂದು ಅಕ್ಕನ ಮುಂದೆ ನಿಂತ.

"ಅಕ್ಕಾ, ನಿನ್ನ ನಂಬರ್ ನಾ..."

"ಲೇ, ಸುಮ್ನಿರು" ಎಂದು ಮಂಜುಳಾ ಅವನ ಕುತ್ತಿಗೆಗೆ ಕೈ ಹಾಕಿ ಎಳೆದುಕೊಂಡಳು. ಅವನು ಅತ್ತ. ಮೊಣಕಾಲು ಹೋದ ದಿನವೂ ಅತ್ತಿರಲಿಲ್ಲ.

ಅವಳೇ ಊರಿಗೆ ಫೋನ್ ಮಾಡಿದಳು. "ಅಪ್ಪಾ, ಪೈಲ್ವಾನ ಗೆದ್ದ."

ಕುಬೇರಪ್ಪ ಕೇಳಿದ, "ಯಾರನ್ನ ಸೋಲಿಸಿದ?"

"ನನ್ನನ್ನ."

"ಅಂವಗ ಕಲಿಸಿದಾಕಿ ಯಾರು?"

"ನಾನ."

ಅಪ್ಪ ಹೇಳಿದ, "ನೀ ಹೆಂಗ ಹೊಡೀತಿ ಅಂತ ನಾ ಒಮ್ಮಿನೂ ನೋಡಿಲ್ಲವ್ವ. ಮುಂದಿನ ಐತವಾರ ನಾನೂ ನಿಮ್ಮವ್ವನೂ ಬರ್ತೀವಿ."

ಹೇಳಿದಂತೆ ಬಂದರು. ಅಮೃತವ್ವ ಪ್ರತಿ ಸದ್ದಿಗೂ ಕಿವಿ ಮುಚ್ಚಿಕೊಂಡಳು. ಕುಬೇರಪ್ಪ ಮಗಳ ಹಿಂದೆ ಕುರ್ಚಿ ಹಾಕಿಸಿಕೊಂಡು, ದುರ್ಬೀನು ಹಿಡಿದು, ಒಂದೊಂದು ಗುರುತನ್ನೂ ಜೋರಾಗಿ ಹೇಳುತ್ತ ಕೂತ. ಅಂದು ಅಕ್ಕ ತಮ್ಮ ಇಬ್ಬರೂ ಪಕ್ಕಪಕ್ಕದ ಚಾಪೆಗಳಲ್ಲಿ ಮಲಗಿ ಹಾರಿಸಿದರು. ಮಂಜುಳಾ ಗೆದ್ದಳು.