ಮೂರು ಬಾಟಲಿಗಳ ಚೀಟಿ

ಕಣ್ಣಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ರೋಗಿಗಳ ಕಣ್ಣಿಗೆ ಔಷಧಿ ಬಿಡುತ್ತಿದ್ದ ನರ್ಸನ್ನು ಎಲ್ಲರೂ ಹನಿಯಕ್ಕ ಎಂದೇ ಕರೆಯುತ್ತಿದ್ದರು. ಪೊರೆ ತೆಗೆಸಿಕೊಂಡು ಮನೆಗೆ ಹೊರಟವರಿಗೆ ಅವಳು ಮೂರು ಬಾಟಲಿ, ಒಂದು ಚೀಟಿ ಕೊಡಬೇಕು. ಚೀಟಿಯ ಅಕ್ಷರಗಳೋ, ಇರುವೆ ಸಾಲು. "ಇದನ್ನ ಓದೋಕೆ ಇನ್ನೊಂದು ಜೊತೆ ಕಣ್ಣು ಕೊಡಿ ಸಿಸ್ಟರ್" ಎಂದು ಒಬ್ಬ ಅಜ್ಜ ನಕ್ಕು ಹೋಗಿದ್ದ. ಮರುವಾರ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ದಿನಕ್ಕೆ ಮೂರು ಸಲದ ಔಷಧಿಯನ್ನು ಒಂದು ಸಲ, ಒಂದು ಸಲದ್ದನ್ನು ಮೂರು ಸಲ ಬಿಟ್ಟುಕೊಂಡಿದ್ದ.

ಅಂದು ಹನಿಯಕ್ಕ ಆ ಚೀಟಿಯನ್ನು ಮನೆಗೇ ತಂದಳು. ಪ್ರೆಸ್ಸಿನಲ್ಲಿ ಡಿಸೈನ್ ಮಾಡುವ ನಾದಿನಿಗೆ ಫೋನ್ ಹಚ್ಚಿದಳು. "ಒಂದು ಒಳ್ಳೇ ಚೀಟಿ ಮಾಡ್ಕೊಡೇ."

"ನೀವೇ ಮಾಡಿ ಅತ್ತಿಗೆ. ಭಾನುವಾರ ಬಂದು ಹೇಳ್ಕೊಡ್ತೀನಿ."

"ನಾನಾ? ಮೌಸ್ ಹಿಡಿದ್ರೆ ಕೈ ನಡುಗುತ್ತೆ ಕಣೇ!"

"ಕಣ್ಣಿಗೆ ಸರಿಯಾಗಿ ಒಂದೇ ಹನಿ ಬಿಡೋ ಕೈ ಅದು. ನಡುಗಲ್ಲ."

ನಡುಗಲಿಲ್ಲ. ಭಾನುವಾರ ನಾದಿನಿಯ ಲ್ಯಾಪ್‌ಟಾಪಿನಲ್ಲಿ ಒಂದು ವೃತ್ತ ಎಳೆದು, ಅದನ್ನೇ ನಕಲು ಮಾಡಿ ನಾಲ್ಕು ಮಾಡಿದಾಗ ಹನಿಯಕ್ಕ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಏಳು ಬಣ್ಣ, ಐದು ಬಗೆಯ ಅಕ್ಷರ, ಸುತ್ತ ಹೂಬಳ್ಳಿ. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದು ಔಷಧಿ ಚೀಟಿನೋ, ಬಳೆ ಅಂಗಡಿ ಬೋರ್ಡೋ? ತೆಗೀರಿ, ತೆಗೀರಿ. ಖಾಲಿ ಜಾಗಾನೂ ಕೆಲಸ ಮಾಡುತ್ತೆ."

ಬಳ್ಳಿ ಹೋಯಿತು. ಅಕ್ಷರ ಒಂದೇ ಬಗೆಗೆ ಬಂತು, ಎಡಕ್ಕೆ ಒಂದೇ ಗೆರೆಗೆ ನಿಂತಿತು. ಅಷ್ಟರಲ್ಲಿ ಹನಿಯಕ್ಕನಿಗೆ ಏನೋ ಹೊಳೆಯಿತು. ಅಡುಗೆಮನೆಗೆ ಓಡಿ ಮಬ್ಬಾದ ಪ್ಲಾಸ್ಟಿಕ್ ಕವರ್ ತಂದು ಕಣ್ಣಿಗೆ ಅಡ್ಡ ಹಿಡಿದಳು.

"ಪೊರೆ ತೆಗೆದ ಹೊಸತರಲ್ಲಿ ಕಣ್ಣಿಗೆ ಲೋಕ ಹೀಗೇ ಕಾಣೋದು. ನೋಡು, ಬಿಳಿ ಮೇಲಿನ ಹಳದಿ ಅಕ್ಷರ ಮಾಯ!"

ನಾದಿನಿಯೂ ಕವರ್ ಹಿಡಿದು ನೋಡಿ ದಂಗಾದಳು. "ಅತ್ತಿಗೆ, ಇದು ನಮ್ಮ ಪ್ರೆಸ್ಸಲ್ಲಿ ಯಾರಿಗೂ ಹೊಳೆದಿಲ್ಲ!"

ಹಳದಿ ಹಿನ್ನೆಲೆಯ ಬಣ್ಣವಾಯಿತು, ಅಕ್ಷರ ಕಡುಕಪ್ಪಾಯಿತು. ಬೆಳಗಿಗೆ ಹುಟ್ಟುವ ಸೂರ್ಯ, ಮಧ್ಯಾಹ್ನಕ್ಕೆ ಪೂರ್ತಿ ಸೂರ್ಯ, ರಾತ್ರಿಗೆ ಬಾಗಿದ ಬಿದಿಗೆ ಚಂದ್ರ.

ಸೋಮವಾರ ಡಾಕ್ಟರ ಎದುರಿಗೇ ಪರೀಕ್ಷೆ. ಶನಿವಾರ ಆಪರೇಷನ್ ಆದ, ಹೊಲಿಗೆ ಕೆಲಸದ ಅಜ್ಜಿ ಚೀಟಿಯನ್ನು ಕೈಯಳತೆ ದೂರ ಹಿಡಿದು ಓದಿದಳು. "ಬಿಳಿ ಮುಚ್ಚಳದ್ದು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು..." ಅಜ್ಜಿಯ ಬೆರಳು ಚಂದ್ರನ ಮೇಲೆ ಬಂದು ನಿಂತಿತು. "ಆಮೇಲೆ ಬಾಳೆಹಣ್ಣು ತಿನ್ನಬೇಕಾ ಮಗಾ?"

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದರು. ಹನಿಯಕ್ಕನಿಗೆ ಮುಖ ಸಪ್ಪಗಾಗಲೂ ಪುರುಸೊತ್ತಿರಲಿಲ್ಲ. "ಐದು ನಿಮಿಷ ಕೂತ್ಕೊಳಿ ಅಜ್ಜಿ!" ಎಂದು ಪೆನ್‌ಡ್ರೈವ್ ಹಿಡಿದು ನೋಂದಣಿ ಕೌಂಟರಿನ ಕಂಪ್ಯೂಟರಿಗೆ ಧಾವಿಸಿದಳು. ಚಂದ್ರನ ಹಿಂದೆ ಕಡುನೀಲಿ ಚೌಕ ಇಟ್ಟಳು, ಚಂದ್ರನನ್ನು ಬೆಳ್ಳಗಾಗಿಸಿದಳು, ಪಕ್ಕದಲ್ಲಿ ಎರಡು ನಕ್ಷತ್ರ. ಪ್ರಿಂಟರಿನಿಂದ ಬಿಸಿ ಬಿಸಿ ಹಾಳೆ ಎಳೆದುಕೊಂಡು ಓಡೋಡಿ ಬಂದಳು.

"ಈಗ?"

"ಓ, ಚಂದಮಾಮ! ರಾತ್ರಿ ಒಂದು ಹನಿ."

"ಇನ್ನೂರು ತೆಗೆಸಿ ಸಿಸ್ಟರ್, ಇವತ್ತೇ," ಎಂದರು ಡಾಕ್ಟರು.

"ತಡೀರಿ ಸಾರ್, ಆ ಎಡಗಡೆ ನಕ್ಷತ್ರ ಒಂದು ಕೂದಲೆಳೆ ಮೇಲಿದೆ," ಎನ್ನುತ್ತಾ ಹನಿಯಕ್ಕ ಮತ್ತೆ ಕೌಂಟರಿನತ್ತ ಓಡಿದಳು.